ಬಾಡಿಗೆ ಜಾಕೆಟ್, ಎರವಲು ನೀರು

ಬೆಳಗಿನ ಎಂಟೂವರೆ. ಗಣೇಶಗುಡಿಯಲ್ಲಿ ಕಾಳಿ ಹೊಳೆಯ ದಂಡೆಯ ಮಂಜು ಇನ್ನೂ ಬಿದಿರುಮೆಳೆ ಬಿಟ್ಟು ಎದ್ದಿಲ್ಲ. ಹುಬ್ಬಳ್ಳಿಯಿಂದ ನಸುಕಿನಲ್ಲೇ ಹೊರಟ ಟೆಂಪೊ ಟ್ರಾವೆಲರ್, ಬೆಂಗಳೂರಿನಿಂದ ರಾತ್ರಿಯಿಡೀ ಓಡಿಬಂದ ಬಸ್ಸು, ಬೆಳಗಾವಿ ಕಡೆಯ ನಾಲ್ಕಾರು ಕಾರು ಸಾಲಾಗಿ ನಿಂತಿವೆ. ಮರದ ಬುಡದಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳ ರಾಶಿ. ನಿನ್ನೆಯ ನೀರು ಪೂರ್ತಿ ಆರಿಲ್ಲ. ಬಗ್ಗಿದರೆ ಒದ್ದೆ ಕಂಬಳಿಯ ವಾಸನೆ ಮೂಗಿಗೆ ಬಡಿಯುತ್ತದೆ. ಪಕ್ಕದಲ್ಲಿ ಬುಟ್ಟಿಯ ತುಂಬ ಹೆಲ್ಮೆಟ್, ಕಲ್ಲಿಗೆ ಒರಗಿಸಿದ ಹುಟ್ಟುಗಳು.

ಕಾಲೇಜು ಹುಡುಗರು ರಾಶಿಗೆ ಕೈಹಾಕಿ ಬಣ್ಣ ಮಾಸದ ಜಾಕೆಟ್ ಹುಡುಕುತ್ತಾರೆ. ತಾಯಿಯೊಬ್ಬಳು ಮಗನಿಗೆ ಸಿಕ್ಕಿದ್ದನ್ನು ತೊಡಿಸಿ, ಕಿವಿಯವರೆಗೂ ಏರಿಬಂದ ಅದನ್ನು ಕೆಳಗೆ ಜಗ್ಗಿ ಸಮಾಧಾನಪಟ್ಟುಕೊಳ್ಳುತ್ತಾಳೆ. ಅಷ್ಟರಲ್ಲಿ ಯಾರೋ ಒಬ್ಬರು ಎಲ್ಲರ ಮನಸ್ಸಿನಲ್ಲಿರುವುದನ್ನು ಕೇಳಿಯೇಬಿಡುತ್ತಾರೆ: “ನೀರ ಬಿಟ್ಟಾರೇನ್ರಿ?”

ಈ ಕಡೆ ರಾಫ್ಟ್ ಹತ್ತಿ ಹೊಳೆಗಿಳಿಯುವವರ ಮೊದಲ ಪ್ರಶ್ನೆ ಯಾವಾಗಲೂ ಇದೇ. ಎರಡನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರನ್ನು ನಾನು ಕಂಡದ್ದು ಕಡಿಮೆ: “ಈ ಜಾಕೆಟ್ ನನ್ನನ್ನು ತೇಲಿಸುತ್ತದೆಯೇ?”

ಮದುವೆಗೆ ಶಾಮಿಯಾನದ ಅಂಗಡಿಯಿಂದ ಪಾತ್ರೆ ತರುವಾಗ ಮನೆಯ ಹಿರಿಯರು ಕೊಳಗ, ಹಂಡೆ ಒಂದೊಂದನ್ನೂ ಬೆರಳಲ್ಲಿ ಬಡಿದು ಸದ್ದು ಕೇಳುತ್ತಾರೆ, ತೂತು ಹುಡುಕುತ್ತಾರೆ, ಎಣಿಸಿ ಬರೆದಿಡುತ್ತಾರೆ. ಬಾಡಿಗೆ ಸೈಕಲ್ ತಂದರೂ ಬ್ರೇಕ್ ಒತ್ತಿ ನೋಡಿಯೇ ಹತ್ತುತ್ತೇವೆ. ಆದರೆ ಒಂದು ಬೆಳಗಿನ ಮಟ್ಟಿಗೆ ನಮ್ಮ ಉಸಿರನ್ನೇ ಒಪ್ಪಿಸುವ ಜಾಕೆಟ್ಟನ್ನು ಕಣ್ಣುಮುಚ್ಚಿ ತೊಡುತ್ತೇವೆ. ದಾಂಡೇಲಿ, ಜೋಯಿಡಾ ಕಡೆಗೆ ವಾರಾಂತ್ಯದಲ್ಲಿ ಹೊರಡುವ ಪ್ರತಿಯೊಬ್ಬರಿಗೂ ಈ ಬಾಡಿಗೆಯ ಸಾಮಾನಿನ ಬಗ್ಗೆ ನಾಲ್ಕು ಮಾತು ತಿಳಿದಿರಲೇಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ.

ನೀರೂ ಎರವಲಿನದೇ

ಮೊದಲು ಹೊಳೆಯ ಮಾತು. ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ, ಗೋವಾ ಗಡಿಗೆ ಹತ್ತಿರದ ಘಟ್ಟದಲ್ಲಿ. ಅಲ್ಲಿಂದ ಕಾರವಾರದ ಸದಾಶಿವಗಡದ ಹತ್ತಿರ ಸಮುದ್ರ ಸೇರುವವರೆಗೆ ಸುಮಾರು 184 ಕಿಲೋಮೀಟರ್ ಹಾದಿ. ಇಡೀ ಹರಿವು ಉತ್ತರ ಕನ್ನಡ ಜಿಲ್ಲೆಯೊಳಗೇ ಮುಗಿಯುತ್ತದೆ. ಅಷ್ಟು ಹಾದಿಯಲ್ಲಿ ಅದು ತನ್ನಿಚ್ಛೆಯಂತೆ ಹರಿಯುವ ಕಡೆಗಳು ಈಗ ತೀರಾ ಕಡಿಮೆ. ಗಣೇಶಗುಡಿಯಲ್ಲಿ ಸೂಪಾ, ಅಂಬಿಕಾನಗರದ ಬಳಿ ಬೊಮ್ಮನಹಳ್ಳಿ, ಕೆಳಗೆ ಕೊಡಸಳ್ಳಿ, ಕದ್ರಾ: ಒಂದರ ಹಿಂದೆ ಒಂದು ಅಣೆಕಟ್ಟೆ.

ಸೂಪಾ ಅಣೆಕಟ್ಟೆ 101 ಮೀಟರ್ ಎತ್ತರ. 1987ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಸೂಪಾ ಎಂಬ ಊರೇ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಅನೇಕ ಕುಟುಂಬಗಳು ರಾಮನಗರದ ಕಡೆಗೆ ಹೋದವು. ಇಂದಿಗೂ ಹಿರಿಯರು ಜೋಯಿಡಾ ತಾಲ್ಲೂಕನ್ನು ಸೂಪಾ ತಾಲ್ಲೂಕು ಎಂದೇ ಕರೆಯುತ್ತಾರೆ. ಹೆಸರು ಉಳಿಯಿತು, ಊರು ಉಳಿಯಲಿಲ್ಲ. ರಾಫ್ಟ್ ಹತ್ತಿ ಕೇಕೆ ಹಾಕುವಾಗ ಇಷ್ಟು ನೆನಪಿರಬೇಕು ಎನಿಸುತ್ತದೆ ನನಗೆ.

ಅಣೆಕಟ್ಟೆಯ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ಯಂತ್ರಗಳಿವೆ. ಕರ್ನಾಟಕ ವಿದ್ಯುತ್ ನಿಗಮ ಒಂದು ಯಂತ್ರ ಓಡಿಸಿದರೂ ಸೆಕೆಂಡಿಗೆ ಹತ್ತಾರು ಸಾವಿರ ಲೀಟರ್ ನೀರು ಹೊಳೆಗೆ ಬರುತ್ತದೆ. ಅದು ದಾಂಡೇಲಿ ದಾಟಿ ಬೊಮ್ಮನಹಳ್ಳಿ ಸೇರಿ, ಸುರಂಗದ ಮೂಲಕ ನಾಗಝರಿಯ ವಿದ್ಯುದಾಗಾರಕ್ಕೆ ಇಳಿದು ಮತ್ತೆ ಕರೆಂಟ್ ಆಗುತ್ತದೆ. ನಾವು ರಾಫ್ಟ್ ಇಳಿಸುವುದು ಈ ಎರಡು ಯಂತ್ರಾಗಾರಗಳ ನಡುವೆ ಸಾಗುತ್ತಿರುವ ನೀರಿನಲ್ಲಿ.

ಕಾಳಿಯ ವಿಶೇಷವೂ ಇಲ್ಲೇ ಇದೆ. ಕೊಡಗಿನ ಬರಪೊಳೆ, ಹೆಬ್ರಿಯ ಸೀತಾನದಿ ಮಳೆಗಾಲದ ಹೊಳೆಗಳು. ಮಳೆ ನಿಂತರೆ ಅಲ್ಲಿ ರಾಫ್ಟಿಂಗ್ ಕೂಡ ನಿಂತಿತು. ಕಾಳಿಯಲ್ಲಿ ಇದು ತಿರುವುಮುರುವು. ಮಳೆಗಾಲದಲ್ಲಿ ಆಟ ಬಂದ್, ಮಳೆ ಮುಗಿದ ಮೇಲೆ ಶುರುವಾಗಿ ಏಪ್ರಿಲ್ ಮೇ ತಿಂಗಳ ಸುಡುಬಿಸಿಲಿನಲ್ಲೂ ನಡೆಯುತ್ತದೆ. ಶಾಲೆಗೆ ರಜೆ ಬಿದ್ದಾಗ, ನಮ್ಮ ಮನೆಗಳಲ್ಲಿ ಫ್ಯಾನು ಕೂಲರು ಓಡುವಾಗ, ಹೊಳೆಯಲ್ಲಿ ನೀರೂ ಇರುತ್ತದೆ.

ಆದರೆ ಆ ನೀರಿನ ಹೊತ್ತುಗೊತ್ತು ನಮ್ಮ ಕೈಯಲ್ಲಿಲ್ಲ, ರಾಫ್ಟ್‌ನವರ ಕೈಯಲ್ಲೂ ಇಲ್ಲ. ಯಂತ್ರ ನಿಂತರೆ ಬಂಡೆಗಳು ಮೈತೋರುತ್ತವೆ, ರಾಫ್ಟ್ ತಳ ಕೆರೆಯುತ್ತದೆ. ಯಂತ್ರ ತಿರುಗಿದರೆ ನಿನ್ನೆ ಕಾಲಿಟ್ಟು ನಿಂತ ಕಲ್ಲು ಇಂದು ನೊರೆಯ ಕೆಳಗೆ. ಗಣೇಶಗುಡಿಯಿಂದ ಕೆಳಕ್ಕೆ ಸುಮಾರು ಒಂಬತ್ತು ಕಿಲೋಮೀಟರ್ ಸಾಗುವ ದೊಡ್ಡ ಓಟವಿರಲಿ, ಗಂಟೆಯೊಳಗೆ ಮುಗಿಯುವ ಸಣ್ಣ ಓಟವಿರಲಿ, ಎರಡಕ್ಕೂ ಈ ನೀರೇ ಗತಿ. “ಇವತ್ತು ನೀರಿಲ್ಲ, ನಾಳೆ ಬನ್ನಿ” ಎಂದು ಹೇಳುವವರ ಮೇಲೆ ಸಿಟ್ಟಾಗಬೇಡಿ. ಅದನ್ನು ಹೇಳಬಲ್ಲವರೇ ನಂಬಿಕೆಗೆ ಅರ್ಹರು.

ಬೆಂಡು ಕಟ್ಟಿಕೊಂಡ ಕಾಲ

ತೇಲುವ ಸಾಮಾನು ನಮಗೆ ಹೊಸದಲ್ಲ. ಬಾವಿಯಲ್ಲಿ ಈಜು ಕಲಿತವರಿಗೆ ಬೆಂಡು ಗೊತ್ತು. ಒಣಗಿದ ಹಗುರ ಮರದ ತುಂಡನ್ನೋ ಒಣಸೋರೆಯ ಬುರುಡೆಯನ್ನೋ ಬೆನ್ನಿಗೆ ಹಗ್ಗದಲ್ಲಿ ಬಿಗಿದು ಹಿರಿಯರು ಮಕ್ಕಳನ್ನು ನೀರಿಗೆ ನೂಕುತ್ತಿದ್ದರು. ಬಿಗಿಯುವ ಕೆಲಸವನ್ನು ಮಾತ್ರ ಮಗುವಿಗೆ ಬಿಡುತ್ತಿರಲಿಲ್ಲ. ಗಂಟನ್ನು ತಾವೇ ಹಾಕಿ, ಎರಡು ಸಲ ಜಗ್ಗಿ, ಬೆರಳು ತೂರುತ್ತದೆಯೇ ನೋಡಿ, ಆಮೇಲೆಯೇ ಕೈಬಿಡುವುದು.

ಬೆಂಡಿನ ತತ್ವವೇ ಜಾಕೆಟ್‌ನ ತತ್ವ. ನೀರಿನೊಳಗೆ ನಮ್ಮ ದೇಹಕ್ಕೆ ಹೆಚ್ಚು ತೂಕವಿಲ್ಲ, ಬಹುಪಾಲನ್ನು ನೀರೇ ಹೊರುತ್ತದೆ. ಬಾಯಿ ಮೂಗು ನೀರಿನ ಮೇಲಿರಲು ನಾಲ್ಕೈದು ಕಿಲೋದಷ್ಟು ಮೇಲ್ಮುಖ ಆಸರೆ ಸಿಕ್ಕರೆ ಸಾಕು. ಆ ಆಸರೆಯನ್ನು ನ್ಯೂಟನ್ ಲೆಕ್ಕದಲ್ಲಿ ಅಳೆಯುತ್ತಾರೆ. 50 ನ್ಯೂಟನ್ ಎಂದರೆ ಹೆಚ್ಚುಕಡಿಮೆ ಐದು ಕಿಲೋ, 100 ಎಂದರೆ ಹತ್ತು ಕಿಲೋ. ಒಳ್ಳೆಯ ಜಾಕೆಟ್‌ನ ಒಳಮೈಯ ಚೀಟಿಯಲ್ಲಿ ಈ ಸಂಖ್ಯೆಯೂ ಎಷ್ಟು ತೂಕದವರಿಗೆ ಎಂಬುದೂ ಅಚ್ಚಾಗಿರುತ್ತದೆ. ಆ ಚೀಟಿ ಅಳಿಸಿಹೋಗಿದ್ದರೆ ಜಾಕೆಟ್‌ಗೆ ವಯಸ್ಸಾಗಿದೆ ಎಂದೇ ತಿಳಿಯಬೇಕು.

50 ನ್ಯೂಟನ್‌ನದು ಈಜು ಬಲ್ಲವರಿಗೆ, ಪಕ್ಕದಲ್ಲೇ ನೆರವು ಇರುವಾಗ. 100 ಮತ್ತು ಮೇಲಿನವು ಈಜು ಬಾರದವರಿಗೂ ಹೆಚ್ಚು ಆಸರೆ. ರಾಫ್ಟ್ ಇಳಿಯುವ ನೊರೆನೀರಿನಲ್ಲಿ ಇನ್ನೊಂದು ತೊಡಕಿದೆ: ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅದು ನಿಂತ ನೀರಿನಷ್ಟು ತೇಲಿಸುವುದಿಲ್ಲ. ರಾಫ್ಟಿಂಗ್ ಜಾಕೆಟ್ ದಪ್ಪಗಿರುವುದು ಇದಕ್ಕೇ. ದೋಣಿವಿಹಾರಕ್ಕೆ ಕೊಡುವ ತೆಳು ಜಾಕೆಟ್ಟನ್ನು ಇಲ್ಲಿ ಕೊಟ್ಟರೆ ಬೇಡವೆನ್ನಬೇಕು.

ಒಳಗಿರುವುದು ಫೋಮ್, ಲಕ್ಷಾಂತರ ಸಣ್ಣ ಗಾಳಿಗುಳ್ಳೆಗಳು. ಗುಳ್ಳೆ ಒಡೆದರೆ, ಚಪ್ಪಟೆಯಾದರೆ, ತೇಲುವ ಶಕ್ತಿಯೂ ಅಷ್ಟಷ್ಟೇ ಇಳಿಯುತ್ತದೆ. ಫೋಮನ್ನು ಕೊಲ್ಲುವುದು ಹೊಳೆಯಲ್ಲ, ದಂಡೆ. ಬಿಸಿಲಿಗೆ ಬಿಟ್ಟದ್ದು, ಒದ್ದೆಯಾಗಿಯೇ ರಾಶಿ ಹಾಕಿದ್ದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ, ಮೇಲೆ ಕುಳಿತದ್ದು. ಸರದಿ ಬರುವವರೆಗೆ ಕಲ್ಲು ಚುಚ್ಚುತ್ತದೆಂದು ನಾವು ಜಾಕೆಟ್ಟನ್ನೇ ಮಣೆ ಮಾಡಿಕೊಂಡು ಕೂರುತ್ತೇವಲ್ಲ, ಆ ಹತ್ತು ನಿಮಿಷದಲ್ಲಿ ಮುಂದೆ ತೊಡುವವರ ಉಸಿರನ್ನು ಒಂದಿಷ್ಟು ಹಿಂಡಿರುತ್ತೇವೆ.

ಎರಡನೆಯ ಬಕಲ್

ಕೆಲವು ವರ್ಷಗಳ ಹಿಂದೆ ಇದೇ ಹೊಳೆಯ ದಂಡೆಯಲ್ಲಿ ನನ್ನ ಕೈಗೆ ಬಂದ ಜಾಕೆಟ್‌ಗೆ ಮೂರು ಬಕಲ್ ಇದ್ದವು. ಮೇಲಿನದು ಟಕ್ಕೆಂದು ಕೂತಿತು. ಕೆಳಗಿನದೂ ಕೂತಿತು. ನಡುವಿನದಕ್ಕೆ ಒಂದು ಹಲ್ಲು ಮುರಿದಿತ್ತು. ಕೂತಂತೆ ಕಂಡರೂ ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ಮುರಿದ ಜಾಗದಲ್ಲಿ ಪ್ಲಾಸ್ಟಿಕ್ ಬೆಳ್ಳಗಾಗಿತ್ತು, ಒಡೆದ ಬಳೆಚೂರಿನ ಅಂಚಿನ ಹಾಗೆ. ನನಗಿಂತ ಮೊದಲು ಯಾರೋ ಅಲ್ಲಿ ಪಟ್ಟಿಯನ್ನು ಗಂಟುಹಾಕಿ ಬಿಗಿದಿದ್ದರು. ಆ ಗಂಟು ಒದ್ದೆಯಾಗಿ ಆರಿ ಕಲ್ಲಾಗಿತ್ತು.

ಅಲ್ಲಿದ್ದ ಹುಡುಗನಿಗೆ ತೋರಿಸಿದೆ. “ಎರಡು ಸಾಕ್ರೀ, ಏನ್ ಆಗೂದಿಲ್ಲ” ಎಂದ. ಅವನ ದನಿಯಲ್ಲಿ ಮೋಸವಿರಲಿಲ್ಲ, ಅವಸರವಿತ್ತು. ಹಿಂದೆ ಮೂವತ್ತು ಜನ ಕಾಯುತ್ತಿದ್ದರು. ನನ್ನ ಗುಂಪಿನವರೂ ಕೂಗುತ್ತಿದ್ದರು. ಆ ಕ್ಷಣದಲ್ಲಿ ಜಾಕೆಟ್ ಬದಲಿಸಿ ಎಂದು ನಿಲ್ಲುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಮಾಡಲು ಹೋದಾಗ ಅದೆಷ್ಟು ಭಾರವೆಂದು ಗೊತ್ತಾಗುತ್ತದೆ. ನಾಲ್ಕು ಜನರೆದುರು ಅಂಜುಬುರುಕ ಎನಿಸಿಕೊಳ್ಳುವ ಸಂಕೋಚ ಅದು. ನಾನು ಬದಲಿಸಿಕೊಂಡೆ. ಆದರೆ ನಡುಬಕಲ್ ಮುರಿದ ಆ ಜಾಕೆಟ್ ಮತ್ತೆ ಅದೇ ರಾಶಿಗೆ ಬಿತ್ತು. ಅದನ್ನು ಎತ್ತಿ ಪಕ್ಕಕ್ಕಿಡಿಸದೆ ಬಂದೆನಲ್ಲ ಎಂದು ಇಂದಿಗೂ ಮನಸ್ಸು ಚುಚ್ಚುತ್ತದೆ.

ನಡುವಿನ ಬಕಲ್ ಏಕೆ ಮುಖ್ಯ ಎಂಬುದು ಆಮೇಲೆ ಒಬ್ಬ ಹಳೆಯ ಗೈಡ್ ತೋರಿಸಿಕೊಟ್ಟಾಗ ಅರ್ಥವಾಯಿತು. ನೀರಿಗೆ ಬಿದ್ದವರ ಜಾಕೆಟ್ ಮೇಲಕ್ಕೆ ಏರಲು ನೋಡುತ್ತದೆ, ಮೈ ಕೆಳಕ್ಕೆ ಇಳಿಯಲು ನೋಡುತ್ತದೆ. ಎರಡನ್ನೂ ಹಿಡಿದಿಡುವುದು ಪಕ್ಕೆಲುಬಿನ ಸುತ್ತಲಿನ ಬಿಗಿ. ಅದು ಸಡಿಲವಾದರೆ ಜಾಕೆಟ್ ತೇಲುತ್ತದೆ, ಮನುಷ್ಯ ಅದರೊಳಗೆ ಜಾರುತ್ತಾನೆ.

ಭುಜ ಹಿಡಿದು ಎತ್ತಿ ನೋಡಿ

ಪರೀಕ್ಷೆಗೆ ಎರಡು ನಿಮಿಷ ಸಾಕು. ಫೋಮನ್ನು ಹೆಬ್ಬೆರಳಲ್ಲಿ ಒತ್ತಿ. ಒತ್ತಿದ ಗುಳಿ ತಾನಾಗಿ ಮೇಲೆ ಬರಬೇಕು. ಹಾಗೇ ಉಳಿದರೆ, ಇಲ್ಲವೇ ಒಳಗೆ ಹಪ್ಪಳ ಮುರಿದ ಸದ್ದು ಬಂದರೆ, ಅದು ಮುಗಿದ ಸರಕು. ಭುಜದ ಹೊಲಿಗೆ ನೋಡಿ, ಪಟ್ಟಿಯನ್ನು ಜೋರಾಗಿ ಜಗ್ಗಿ. ಬಟ್ಟೆಯ ಬಣ್ಣ ಪೂರ್ತಿ ಹಾರಿ ಪುಡಿಪುಡಿಯಾಗುವಂತಿದ್ದರೆ ಬಿಸಿಲು ಅದರ ನೂಲನ್ನು ತಿಂದಿದೆ ಎಂದರ್ಥ.

ತೊಟ್ಟ ಮೇಲೆ ಎಲ್ಲ ಪಟ್ಟಿಗಳನ್ನು ಮೊದಲು ಸಡಿಲ ಮಾಡಿ, ಸೊಂಟದ ಕಡೆಯಿಂದ ಮೇಲಕ್ಕೆ ಒಂದೊಂದಾಗಿ ಬಿಗಿಯುತ್ತಾ ಬನ್ನಿ. ಉಸಿರು ಪೂರ್ತಿ ಎಳೆಯಲು ಬರಬೇಕು, ಮೈಗೆ ಹಿಡಿಯುವಷ್ಟು ಬಿಗಿಯೂ ಇರಬೇಕು. ಆಮೇಲೆ ಜೊತೆಯವರಿಗೆ ಹೇಳಿ, ಹಿಂದೆ ನಿಂತು ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಲಿ. ಜಾಕೆಟ್ ಗದ್ದ ದಾಟಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಈ ಒಂದು ಎಳೆತ ಎಲ್ಲ ಪ್ರಮಾಣಪತ್ರಗಳಿಗಿಂತ ನೇರವಾದ ಉತ್ತರ ಕೊಡುತ್ತದೆ.

ಮಕ್ಕಳ ವಿಷಯದಲ್ಲಿ ಯಾವ ಹೊಂದಾಣಿಕೆಯೂ ಬೇಡ. ದೊಡ್ಡವರ ಜಾಕೆಟ್ಟನ್ನು ಎಷ್ಟು ಬಿಗಿದರೂ ಮಗುವಿನ ಮೈಗೆ ಅದು ಅಂಗಡಿಯ ಹ್ಯಾಂಗರ್‌ಗೆ ನೇತುಹಾಕಿದ ಹಾಗೆ. ಮಕ್ಕಳ ಜಾಕೆಟ್‌ಗೆ ತೊಡೆಗಳ ನಡುವೆ ಹಾದುಹೋಗುವ ಪಟ್ಟಿ ಇರಬೇಕು. ಮೇಲೇರದಂತೆ ತಡೆಯುವುದು ಅದೇ. ಅಂಥದ್ದು ಇಲ್ಲವೆಂದರೆ ಮಗು ದಂಡೆಯಲ್ಲಿ ಕುಳಿತು ಮಂಗಟ್ಟೆ ಹಕ್ಕಿ ನೋಡಲಿ. ಈ ಕಾಡಿನಲ್ಲಿ ಅದೇನೂ ಕಡಿಮೆ ಸಂಭ್ರಮವಲ್ಲ.

ಇನ್ನು ಹೆಲ್ಮೆಟ್. ಬೈಕಿನದು, ಸೈಕಲ್‌ನದು ಇಲ್ಲಿ ಕೆಲಸಕ್ಕೆ ಬಾರದು. ನೀರು ಸೋರಿಹೋಗಲು ತೂತುಗಳಿರಬೇಕು, ಕಿವಿಯ ಮೇಲ್ಭಾಗಕ್ಕೆ ರಕ್ಷಣೆ ಇರಬೇಕು, ಹಣೆ ಮುಚ್ಚಬೇಕು. ಗದ್ದದ ಪಟ್ಟಿ ಬಿಗಿದು ಮುಂದಿನಿಂದ ಹಿಂದಕ್ಕೆ ನೂಕಿ ನೋಡಿ. ಹಣೆ ಬರಿದಾದರೆ ಬೇರೆ ಕೇಳಿ. ದಿನಕ್ಕೆ ನಾಲ್ಕು ತಲೆ ಬದಲಾಗುವ ಹೆಲ್ಮೆಟ್‌ನ ಒಳಗೆ ಒಂದು ತೆಳು ಕರ್ಚೀಫ್ ಕಟ್ಟಿಕೊಂಡರೆ ಹಿತ.

ಹುಟ್ಟಿನ ತುದಿಯಲ್ಲಿ ಇಂಗ್ಲಿಷ್ ಟಿ ಅಕ್ಷರದ ಹಿಡಿ ಇರುತ್ತದೆ. ಅದರ ಮೇಲಿಂದ ಅಂಗೈ ಎಂದೂ ತೆಗೆಯಬಾರದು. ರಾಫ್ಟ್ ಕುಲುಕಿದಾಗ ಹಲ್ಲು ಮುರಿಯುವುದು, ತುಟಿ ಒಡೆಯುವುದು ಬಂಡೆಗಿಂತ ಹೆಚ್ಚಾಗಿ ಪಕ್ಕದವರು ಕೈಬಿಟ್ಟ ಈ ಹಿಡಿಯಿಂದ. ಕಾಲಿಗೆ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ಲೋ ಹಳೆಯ ಕ್ಯಾನ್ವಾಸ್ ಶೂವೋ ಇರಲಿ. ದುಪಟ್ಟಾ, ಸೊಂಟಕ್ಕೆ ಕಟ್ಟಿದ ಅಂಗಿ, ಕೊರಳಿಗೆ ನೇತುಬಿದ್ದ ಮೊಬೈಲ್ ಚೀಲ, ಹೀಗೆ ತೊಡರುವಂಥದ್ದೆಲ್ಲ ದಂಡೆಯಲ್ಲೇ ಉಳಿಯಲಿ.

ರಾಫ್ಟ್ ಒಂದೇ ಚೀಲವಲ್ಲ. ಅಂಚಿನ ಕೊಳವೆಯೊಳಗೇ ಬೇರೆಬೇರೆ ಕೋಣೆಗಳಿವೆ. ಒಂದು ಹರಿದರೂ ಉಳಿದವು ತೇಲಿಸುತ್ತವೆ. ದಂಡೆಯ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ರಾಫ್ಟ್ ನಗಾರಿಯಂತೆ ಬಿಗಿಯಾಗುತ್ತದೆ. ಕಾಳಿಯ ನೀರೋ ಜಲಾಶಯದ ಆಳದಿಂದ ಬಂದದ್ದು, ಬೇಸಿಗೆಯಲ್ಲೂ ತಣ್ಣಗೆ. ಅದು ಸೋಕಿದ ಕೂಡಲೇ ರಾಫ್ಟ್ ಮೆತ್ತಗಾಗುತ್ತದೆ. ಬಲ್ಲ ಗೈಡ್ ನೀರಿಗಿಳಿಸಿ, ಕೈಯಲ್ಲಿ ಗುದ್ದಿ ನೋಡಿ, ಮತ್ತೆ ಪಂಪ್ ಹಾಕುತ್ತಾನೆ. ಅವನು ಹೊತ್ತು ಕಳೆಯುತ್ತಿದ್ದಾನೆ ಎಂದುಕೊಳ್ಳಬೇಡಿ. ಅವನ ಸೊಂಟದಲ್ಲೋ ರಾಫ್ಟ್‌ನ ಹಿಂಬದಿಯಲ್ಲೋ ಹಗ್ಗ ತುಂಬಿದ ಸಣ್ಣ ಚೀಲವೊಂದು ಇದೆಯೇ ನೋಡಿಕೊಳ್ಳಿ. ಬಿದ್ದವರತ್ತ ಎಸೆಯುವ ಹಗ್ಗ ಅದು. ಆ ಚೀಲವಿಲ್ಲದ ರಾಫ್ಟ್ ಹತ್ತಲೇಬಾರದು.

ಕಡಲಾಚೆಯ ಅಂಗಡಿಯ ಪ್ರಶ್ನೆಗಳು

ಬಾಡಿಗೆಯ ಸಾಮಾನನ್ನು ಬೇರೆ ಕಡೆ ಹೇಗೆ ಕೊಡುತ್ತಾರೆ ಎಂಬುದನ್ನೂ ನೋಡಬೇಕು. ಹೊರದೇಶಗಳಲ್ಲಿರುವ ನಮ್ಮ ಮಕ್ಕಳು ರಜೆಯಲ್ಲಿ ಈಗ ವಿಂಗ್ ಫಾಯಿಲಿಂಗ್ ಎಂಬ ಹೊಸ ಆಟ ಆಡಿ ಬಂದು ವಿಡಿಯೊ ತೋರಿಸುತ್ತಾರೆ. ಕೈಯಲ್ಲಿ ಗಾಳಿ ತುಂಬಿದ ರೆಕ್ಕೆ, ಕಾಲ ಕೆಳಗೆ ಹಲಗೆ, ಹಲಗೆಯ ತಳದಲ್ಲಿ ನೀರೊಳಗೆ ಇಳಿದ ಒಂದು ಕಂಬ ಮತ್ತು ಅದರ ತುದಿಗೆ ವಿಮಾನದ್ದನ್ನು ಹೋಲುವ ಪುಟ್ಟ ರೆಕ್ಕೆ. ವೇಗ ಸಿಕ್ಕಂತೆ ನೀರೊಳಗಿನ ರೆಕ್ಕೆ ಹಲಗೆಯನ್ನು ಮೇಲೆತ್ತುತ್ತದೆ. ಮನುಷ್ಯ ನೀರನ್ನು ಮುಟ್ಟದೆ ಅದರ ಮೇಲೆ ತೇಲಿದಂತೆ ಸಾಗುತ್ತಾನೆ. 2019ರ ಸುಮಾರಿಗೆ ಜನಪ್ರಿಯವಾಗತೊಡಗಿದ ಈ ಆಟಕ್ಕೆ ಸ್ಪೇನಿನ ತರಿಫಾ, ಇಟಲಿಯ ಗಾರ್ಡಾ ಸರೋವರ, ಈಜಿಪ್ಟಿನ ಕೆಂಪು ಸಮುದ್ರದ ದಂಡೆಗಳು ಹೆಸರಾಗಿವೆ. ಸಾಮಾನು ದುಬಾರಿ, ವಿಮಾನದಲ್ಲಿ ಒಯ್ಯುವುದು ಕಷ್ಟ. ಹಾಗಾಗಿ ಹೆಚ್ಚಿನವರು ಅಲ್ಲಿಯೇ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ.

ಆ ಅಂಗಡಿಗಳಲ್ಲಿ ಹಣ ಕೊಡುವ ಮೊದಲೇ ಪ್ರಶ್ನೆಗಳು ಶುರುವಾಗುತ್ತವೆ. ನಿಮ್ಮ ತೂಕವೆಷ್ಟು? ಈ ಮೊದಲು ಎಷ್ಟು ಸಲ ಮಾಡಿದ್ದೀರಿ? ಗಾಳಿಗೆ ಎದುರಾಗಿ ಸಾಗಿ ಹೊರಟ ಜಾಗಕ್ಕೇ ಮರಳಬಲ್ಲಿರಾ? ಕೊನೆಯ ಪ್ರಶ್ನೆಗೆ ಇಲ್ಲ ಎಂದರೆ ಬಾಡಿಗೆಗೆ ಕೊಡುವ ಬದಲು ಪಾಠಕ್ಕೆ ಸೇರಿ ಎನ್ನುವವರೇ ಹೆಚ್ಚು. ತೂಕ ನೋಡಿ ಹಲಗೆ, ಅಂದಿನ ಗಾಳಿ ನೋಡಿ ರೆಕ್ಕೆ. ಗಾಳಿ ಕಡಿಮೆಯಿದ್ದರೆ ಆರು ಚದರ ಮೀಟರಿನದು, ಜೋರಾಗಿದ್ದರೆ ಮೂರು ನಾಲ್ಕರದು. ಮೊದಲೇ ಇದ್ದ ಗೀರು ಒಡಕುಗಳ ಫೋಟೊ ತೆಗೆದಿಟ್ಟುಕೊಳ್ಳುವುದು ಬಾಡಿಗೆದಾರನಿಗೂ ರೂಢಿ, ಠೇವಣಿ ವಾಪಸ್ಸಾಗುವ ಹೊತ್ತಿಗೆ ಜಗಳ ಬೇಡವೆಂದು.

ಸೂಪಾ ಹಿನ್ನೀರಿನ ವಿಸ್ತಾರ ಕಂಡವರು ಇದನ್ನು ಇಲ್ಲೇಕೆ ಮಾಡಬಾರದು ಎಂದು ಕೇಳುತ್ತಾರೆ. ನೋಡಲು ಸಮುದ್ರದಂತಿದ್ದರೂ ಅದರಡಿ ಮುಳುಗಿದ ಕಾಡಿದೆ. ನೀರು ಇಳಿದಾಗ ಸತ್ತ ಮರಗಳ ಬೊಡ್ಡೆಗಳು ತಲೆಯೆತ್ತುತ್ತವೆ. ಮುಕ್ಕಾಲು ಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿರುವ ಕಂಬ ವೇಗದಲ್ಲಿ ಅಂಥ ಬೊಡ್ಡೆಗೆ ಬಡಿದರೆ ಮೇಲಿದ್ದವರ ಗತಿ ಊಹಿಸಿಕೊಳ್ಳಬಹುದು. ಸುತ್ತಲೂ ಇರುವುದು 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಕರೆಸಿಕೊಳ್ಳುತ್ತಿರುವ ಕಾಡು. ಎಲ್ಲ ನೀರೂ ಎಲ್ಲ ಆಟಕ್ಕಲ್ಲ.

ನಾವು ಎರವಲು ತರಬೇಕಾದದ್ದು ಆಟವನ್ನಲ್ಲ, ಆ ಪ್ರಶ್ನೆಗಳನ್ನು. ಕಾಳಿಯ ದಂಡೆಯಲ್ಲೂ ಪ್ರತಿಯೊಬ್ಬರನ್ನೂ ನಿಲ್ಲಿಸಿ ನಿಮ್ಮ ತೂಕವೆಷ್ಟು, ಈಜು ಬರುತ್ತದೆಯೇ, ಉಬ್ಬಸ, ಹೃದಯದ ತೊಂದರೆ ಇದೆಯೇ, ರಾತ್ರಿ ಕುಡಿದಿದ್ದೀರಾ ಎಂದು ಕೇಳಬೇಕು. ಕೇಳುವವರು ಇಲ್ಲಿಯೂ ಇದ್ದಾರೆ. ಕೇಳದಿದ್ದ ಕಡೆ ನಾವೇ ಹೇಳಬೇಕು.

ಎಷ್ಟು ಜನ ಹತ್ತಿದ್ದಾರೆ?

2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯಲ್ಲಿ ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡ ರಾಫ್ಟ್ ಒಂದು ಸೆಳವಿಗೆ ಸಿಕ್ಕಿ ಅಪಾಯದಂಚಿಗೆ ಹೋಯಿತು. ಅದರ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಅದರಲ್ಲಿದ್ದವರು ಪಾರಾದರು. ಜಿಲ್ಲಾಡಳಿತ ಜಲಕ್ರೀಡೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು.

ಆ ನಿಲುಗಡೆಯ ಪೆಟ್ಟು ಬಿದ್ದದ್ದು ಯಾರಿಗೆ? ತಪ್ಪು ಮಾಡಿದವರಿಗಷ್ಟೇ ಅಲ್ಲ. ಕ್ರಮವಾಗಿ ನಡೆಸುವವರಿಗೆ, ಗೈಡ್‌ಗಳಿಗೆ, ಜೀಪ್ ಚಾಲಕರಿಗೆ, ಹೋಂಸ್ಟೇಯಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ. 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯಿಂದ ದಾಂಡೇಲಿ ಪಟ್ಟಣವಾಗಿ ಬೆಳೆಯಿತು. ಕಾರ್ಖಾನೆಯ ಕೆಲಸ ಸಿಗದ ಹುಡುಗರಿಗೆ, ಜೋಯಿಡಾದ ಕುಣಬಿ ಹಾಡಿಗಳವರಿಗೆ, ಹಳಿಯಾಳ ಮುಂಡಗೋಡ ಕಡೆಯ ಸಿದ್ದಿ, ಗೌಳಿ ಮನೆಗಳವರಿಗೆ ಕಾಡೊಳಗಿನ ದುಡಿಮೆ ವರ್ಷವರ್ಷವೂ ಕಿರಿದಾಗಿದೆ. ಪ್ರವಾಸಿಗರ ಹಣ ಆ ಮನೆಗಳನ್ನೂ ಮುಟ್ಟಬೇಕು. ಅದಕ್ಕಾಗಿಯೇ ಈ ಆಟ ಸುರಕ್ಷಿತವಾಗಿ ಉಳಿಯಬೇಕು. ಒಂದು ತುಂಬಿದ ರಾಫ್ಟ್ ಇಡೀ ಹೊಳೆಯ ಅನ್ನಕ್ಕೆ ಕಲ್ಲು ಹಾಕುತ್ತದೆ.

ಹತ್ತುವ ಮುನ್ನ ಎಣಿಸಿ. ರಾಫ್ಟ್ ಎಷ್ಟು ಜನರಿಗೆ ಎಂದು ಕೇಳಿ, ಗೈಡ್ ಸೇರಿಸಿ ಲೆಕ್ಕ ಹಾಕಿ. “ಒಂದೇ ಫ್ಯಾಮಿಲಿ, ಅಡ್ಜಸ್ಟ್ ಮಾಡ್ಕೊಳ್ಳಿ” ಎಂಬ ಮಾತು ಬಸ್ಸಿನ ಸೀಟಿಗೆ ಸರಿ. ಜನ ಹೆಚ್ಚಾದಷ್ಟೂ ರಾಫ್ಟ್ ತಿರುಗಿಸುವುದು ಕಷ್ಟ, ಹುಟ್ಟು ಹಾಕಲು ಜಾಗವಿಲ್ಲ, ಕಾಲು ಸಿಕ್ಕಿಸಿ ಗಟ್ಟಿಯಾಗಿ ಕೂರಲು ನೆಲೆಯಿಲ್ಲ.

ಅಂತರರಾಷ್ಟ್ರೀಯ ಲೆಕ್ಕದಲ್ಲಿ ನೊರೆನೀರಿಗೆ ಒಂದರಿಂದ ಆರರವರೆಗೆ ದರ್ಜೆಗಳಿವೆ. ಕಾಳಿಯ ಈ ಓಟ ಹೆಚ್ಚಾಗಿ ಎರಡರಿಂದ ಮೂರು. ಹೊಸಬರೂ ಇಳಿಯಬಹುದಾದ ಹೊಳೆ, ಗೈಡ್ ಬಲ್ಲವನಾಗಿದ್ದರೆ. ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ, ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಂಥ ಕಡೆ ಜಲಸಾಹಸ, ಜೀವರಕ್ಷಣೆಯ ತರಬೇತಿ ಸಿಗುತ್ತದೆ. ಎಲ್ಲಿ ಕಲಿತಿರಿ ಎಂದು ಗೈಡನ್ನು ಕೇಳುವುದು ಅವಮಾನವಲ್ಲ. ಕಲಿತವನು ಖುಷಿಯಿಂದಲೇ ಹೇಳುತ್ತಾನೆ.

ಬಿದ್ದರೆ

ರಾಫ್ಟಿನಿಂದ ಬೀಳುವುದು ಅಪರೂಪವೇನಲ್ಲ. ಬಿದ್ದವರ ಮೊದಲ ಆಸೆ ಎದ್ದು ನಿಲ್ಲುವುದು. ಅಪಾಯವೂ ಅದೇ. ಹರಿವ ನೀರಿನಲ್ಲಿ ನಿಲ್ಲಲು ಹೋದರೆ ಪಾದ ಬಂಡೆಸಂದಿಗೆ ಸಿಕ್ಕಬಹುದು, ಮೈಯನ್ನು ಸೆಳವು ಮುಂದಕ್ಕೆ ಮಡಚುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದರ ನೂಕು ನಾಲ್ಕರಷ್ಟಾಗುತ್ತದೆ. ಮೊಣಕಾಲ ಮಟ್ಟದ ನೀರೂ ಗಟ್ಟಿಯಾಳನ್ನು ಕೆಡವಬಲ್ಲದು.

ಅಂಗಾತ ಮಲಗಿ, ಕಾಲು ಹರಿವಿನ ದಿಕ್ಕಿಗೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಳ್ಳಿ. ಬಂಡೆ ಎದುರಾದರೆ ಪಾದ ತಡೆಯಲಿ. ಹಗ್ಗ ಬಂದರೆ ಹಗ್ಗವನ್ನು ಹಿಡಿಯಿರಿ, ಕೈಗೆ ಸುತ್ತಿಕೊಳ್ಳಬೇಡಿ. ದಂಡೆಯ ಬಿದಿರು ಬಾಗಿ ನೀರಿಗೆ ಬಿದ್ದಿರುವ ಕಡೆ ದೂರವಿರಿ. ನೀರು ಅದರ ನಡುವೆ ಸೋಸಿಹೋಗುತ್ತದೆ, ಮನುಷ್ಯ ಜರಡಿಯ ಮೇಲಿನ ಕಸದಂತೆ ಸಿಕ್ಕಿಬೀಳುತ್ತಾನೆ. ಇವನ್ನೆಲ್ಲ ಗೈಡ್ ಹೊರಡುವ ಮುನ್ನ ಹೇಳುತ್ತಾನೆ. ಆ ಹೊತ್ತಿಗೆ ನಮ್ಮಲ್ಲಿ ಅರ್ಧ ಜನ ಸೆಲ್ಫಿಯಲ್ಲಿರುತ್ತಾರೆ. ಫಾರ್ವರ್ಡ್, ಬ್ಯಾಕ್, ಗೆಟ್ ಡೌನ್ ಎಂದು ಅವನು ಕೂಗುವ ನಾಲ್ಕೈದು ಮಾತು ಹಿಂದಿಯಲ್ಲೋ ಕನ್ನಡದಲ್ಲೋ ಅರ್ಥವಾಗಬೇಕಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ.

ಓಟ ಮುಗಿದ ಮೇಲೂ ಜಾಕೆಟ್ ಬಿಚ್ಚುವ ಆತುರ ಬೇಡ. ದಾಂಡೇಲಿಯ ಸುತ್ತ ಕಾಳಿಯ ನಿಧಾನದ ಮಡುಗಳಲ್ಲಿ ಮೊಸಳೆಗಳಿವೆ. ಎಚ್ಚರಿಕೆಯ ಫಲಕವಿದ್ದಲ್ಲಿ, ಗೈಡ್ ಬೇಡವೆಂದಲ್ಲಿ, ಕೈಕಾಲು ತೊಳೆಯಲೂ ಇಳಿಯಬಾರದು. ಮುಂಡಗೋಡದ ಅತ್ತಿವೇರಿ, ಬಾಚಣಕಿ ಜಲಾಶಯಗಳ ಕಡೆ ಹೋದವರು ನಿಂತ ನೀರು ಸಾಧು ಎಂದುಕೊಂಡು ಬರಿಮೈಯಲ್ಲಿ ಧುಮುಕಲು ಹೊರಡುತ್ತಾರೆ. ಅಲ್ಲಿ ಗೈಡೂ ಇಲ್ಲ, ಹಗ್ಗವೂ ಇಲ್ಲ, ಜಾಕೆಟ್ಟೂ ಇಲ್ಲ. ಅತ್ತಿವೇರಿಗೆ ಹೋದರೆ ಹಕ್ಕಿ ನೋಡಿ, ದಂಡೆಯಲ್ಲೇ ಕೂತು ಬುತ್ತಿ ಉಣ್ಣಿ.

ಸಂಜೆಯ ಹಗ್ಗ

ಕೊನೆಯ ಗುಂಪು ಬಸ್ ಹತ್ತಿದ ಮೇಲೆ ದಂಡೆಯಲ್ಲಿ ಇನ್ನೊಂದು ಕೆಲಸ ಶುರುವಾಗಬೇಕು. ಅದನ್ನು ನೋಡಿದ ದಿನ ಆ ಜಾಗದ ಮೇಲೆ ನನ್ನ ನಂಬಿಕೆ ಗಟ್ಟಿಯಾಯಿತು. ಎರಡು ಮರಗಳ ನಡುವೆ ಹಗ್ಗ ಕಟ್ಟಿ ಇಬ್ಬರು ಹುಡುಗರು ಜಾಕೆಟ್‌ಗಳನ್ನು ಒಂದೊಂದಾಗಿ ಚೊಕ್ಕ ನೀರಲ್ಲಿ ಅದ್ದಿ, ಕೊಡವಿ, ಭುಜದಿಂದ ನೇತುಹಾಕುತ್ತಿದ್ದರು. ಬಿಸಿಲಿಗಲ್ಲ, ನೆರಳಿಗೆ. ದೊಡ್ಡವನು ಪ್ರತಿಯೊಂದರ ಮೂರೂ ಬಕಲ್ ಹಾಕಿ ತೆಗೆದು ನೋಡುತ್ತಿದ್ದ. ಟಕ್, ಟಕ್, ಟಕ್. ಒಂದು ಕಡೆ ಎರಡೇ ಸದ್ದು ಬಂತು. ಅದನ್ನು ಹಗ್ಗದಿಂದ ಇಳಿಸಿ, ಎದೆಯ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಅಡ್ಡಗೆರೆ ಎಳೆದು, ಜೀಪಿನ ಹಿಂಬದಿಗೆ ಎಸೆದ.

ಅಷ್ಟರಲ್ಲಿ ಮೇಲೆ ಎಲ್ಲೋ ಯಂತ್ರ ನಿಂತಿರಬೇಕು. ಹೊಳೆಯ ಸದ್ದು ತಗ್ಗುತ್ತಾ ಬಂತು. ಬೆಳಗ್ಗೆ ನೊರೆ ಉಕ್ಕುತ್ತಿದ್ದಲ್ಲಿ ಒಂದೊಂದೇ ಬಂಡೆ ಹೊರಬಂದು, ನೀರು ಎಲ್ಲಿಯವರೆಗೆ ಇತ್ತೆಂಬ ಒದ್ದೆಗೆರೆ ಅವುಗಳ ಮೈಮೇಲೆ ಆರತೊಡಗಿತು.